ಭಾರತದಲ್ಲಿ ಪ್ರವಾಸಿ ಹಾಸ್ಟೆಲ್‌ಗಳು: ಛತ್ರದ ಜಗುಲಿಯಿಂದ ಬಂಕ್ ಹಾಸಿಗೆಯವರೆಗೆ

ಕನ್ನಡಿಗರ ನಿತ್ಯದ ಮಾತಿನಲ್ಲಿ 'ಹೋಟೆಲ್' ಎಂದರೆ ಊಟ-ತಿಂಡಿಯ ಜಾಗ, 'ಲಾಡ್ಜ್' ಎಂದರೆ ರಾತ್ರಿ ತಂಗುವ ಜಾಗ, 'ಹಾಸ್ಟೆಲ್' ಎಂದರೆ ವಿದ್ಯಾರ್ಥಿನಿಲಯ. ಈ ಮೂರಕ್ಕೂ ಸೇರದ ನಾಲ್ಕನೆಯ ವ್ಯವಸ್ಥೆಯೊಂದು ಕಳೆದ ಒಂದು ದಶಕದಿಂದ ಗೋಕರ್ಣ, ಹಂಪಿ, ಮೈಸೂರು, ಚಿಕ್ಕಮಗಳೂರು, ಕೊಡಗು ಮೊದಲಾದೆಡೆ ಕಾಣಿಸಿಕೊಂಡಿದೆ. ಇಲ್ಲಿ ಬಾಡಿಗೆಗೆ ಸಿಗುವುದು ಕೋಣೆಯಲ್ಲ, ಹಾಸಿಗೆ. ಒಂದೇ ಕೋಣೆಯಲ್ಲಿ ನಾಲ್ಕರಿಂದ ಹತ್ತು ಮಂದಿ ಅಪರಿಚಿತರು ಮಲಗುತ್ತಾರೆ. ಸ್ನಾನಗೃಹ, ಅಡುಗೆಮನೆ, ಹರಟೆಯ ಕೋಣೆ ಎಲ್ಲವೂ ಎಲ್ಲರಿಗೂ ಸೇರಿದ್ದು. ಊರು ಮತ್ತು ಋತುವನ್ನು ಅವಲಂಬಿಸಿ ಹಾಸಿಗೆಯೊಂದಕ್ಕೆ ಕೆಲವು ನೂರು ರೂಪಾಯಿಗಳಿಂದ ಸಾವಿರದ ಆಸುಪಾಸಿನವರೆಗೆ ದರವಿರುತ್ತದೆ.

ಮೇಲ್ನೋಟಕ್ಕೆ ಇದು ಪಶ್ಚಿಮದಿಂದ ಬಂದ ಹೊಸ ಪದ್ಧತಿಯಂತೆ ತೋರುತ್ತದೆ. ಆದರೆ ಕಡಿಮೆ ಹಣವುಳ್ಳ ಅಪರಿಚಿತನಿಗೆ ಪರಊರಿನಲ್ಲಿ ಒಂದು ರಾತ್ರಿಯ ಸೂರು ಒದಗಿಸುವುದು ಹೇಗೆ ಎಂಬ ಪ್ರಶ್ನೆ ಈ ದೇಶಕ್ಕೆ ಬಹಳ ಹಳೆಯದು. ಆ ಸೂರು ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದೂ ಅಷ್ಟೇ ಹಳೆಯ ಪ್ರಶ್ನೆ. ಭಾರತದಲ್ಲಿ ಅಗ್ಗದ ತಂಗುದಾಣಗಳು ಬೆಳೆದುಬಂದ ಬಗೆ, ಅವು ನಡೆಯುವ ರೀತಿ ಹಾಗೂ ಪ್ರವಾಸಿಗರು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಛತ್ರ, ಸರಾಯಿ, ಧರ್ಮಶಾಲೆ

ಯಾತ್ರಿಕರಿಗೆ ನೆರಳು-ನೀರು ಒದಗಿಸುವುದು ಪುಣ್ಯಕಾರ್ಯವೆಂಬ ನಂಬಿಕೆ ಭಾರತದ ಎಲ್ಲ ಪ್ರಾಂತ್ಯಗಳಲ್ಲಿಯೂ ಬೇರೂರಿತ್ತು. ಅರವಟಿಗೆ, ಛತ್ರ, ಧರ್ಮಶಾಲೆ, ಮುಸಾಫಿರಖಾನೆಗಳು ಹುಟ್ಟಿದ್ದು ಈ ನಂಬಿಕೆಯಿಂದ. ಉತ್ತರ ಭಾರತದಲ್ಲಿ 1540ರಿಂದ 1545ರವರೆಗೆ ಆಳಿದ ಶೇರ್ ಶಾ ಸೂರಿ ಹೆದ್ದಾರಿಗಳ ಉದ್ದಕ್ಕೂ ಎರಡು ಕೋಸುಗಳಿಗೊಂದರಂತೆ ಸರಾಯಿಗಳನ್ನು ಕಟ್ಟಿಸಿದನೆಂದು ಅಂದಿನ ಇತಿಹಾಸಕಾರರು ಬರೆದಿದ್ದಾರೆ. ದಕ್ಷಿಣದಲ್ಲಿ ಮಧುರೆಯ ರೈಲು ನಿಲ್ದಾಣದ ಎದುರಿಗಿರುವ ರಾಣಿ ಮಂಗಮ್ಮಾಳ್ ಛತ್ರ ಈ ಪರಂಪರೆಯ ಪ್ರಸಿದ್ಧ ಕುರುಹು. ಬೆಂಗಳೂರಿನ ಸಿಟಿ ರೈಲು ನಿಲ್ದಾಣದ ಸಮೀಪ ವರ್ತಕ ಗುಬ್ಬಿ ತೋಟದಪ್ಪನವರು 20ನೇ ಶತಮಾನದ ಆರಂಭದಲ್ಲಿ ಸ್ಥಾಪಿಸಿದ ಛತ್ರವನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಧರ್ಮಸ್ಥಳದಂತಹ ಕ್ಷೇತ್ರಗಳ ವಸತಿಗೃಹಗಳು, ಅಮೃತಸರದ ಸ್ವರ್ಣಮಂದಿರದ ಬಳಿಯ ಯಾತ್ರಿನಿವಾಸಗಳು ಇಂದಿಗೂ ಈ ಸೇವೆಯನ್ನು ಮುಂದುವರಿಸಿವೆ.

ಈ ವ್ಯವಸ್ಥೆಯ ಹಿರಿಮೆಯೊಂದಿಗೆ ಅದರ ಮಿತಿಯನ್ನೂ ಹೇಳಲೇಬೇಕು. ಅನೇಕ ಛತ್ರಗಳು ದಾನಿಯ ಜಾತಿ ಅಥವಾ ಮತದವರಿಗೆ ಮೀಸಲಾಗಿದ್ದವು. ಎಲ್ಲರಿಗೂ ತೆರೆದಿದ್ದ ಕಡೆಗಳಲ್ಲಿಯೂ ಒಲೆ, ಬಾವಿ, ಪಂಕ್ತಿಗಳು ಬೇರೆ ಬೇರೆಯಾಗಿರುತ್ತಿದ್ದವು. ದಲಿತರಿಗೆ ಹೊಸಿಲು ದಾಟುವ ಅವಕಾಶವೇ ಇಲ್ಲದ ತಂಗುದಾಣಗಳು ಬಹಳವಿದ್ದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಆಧಾರದ ಮೇಲೆ ಯಾವ ಪ್ರಜೆಗೂ ಅಂಗಡಿ, ಹೋಟೆಲುಗಳ ಪ್ರವೇಶವನ್ನು ನಿರಾಕರಿಸಬಾರದೆಂದು ಸ್ಪಷ್ಟವಾಗಿ ಹೇಳಿತು. ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಾರ್ಹಗೊಳಿಸಿದ 1955ರ ಕಾಯಿದೆ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದುಕೊಂಡಿತು. ಜಾತಿ ಕೇಳದ ಸಾರ್ವಜನಿಕ ವಸತಿ ಎಂಬ ಕಲ್ಪನೆಗೆ ಕಾನೂನಿನ ಬುನಾದಿ ಬಿದ್ದದ್ದು ಹೀಗೆ.

ಜರ್ಮನಿಯ ಶಾಲಾ ಶಿಕ್ಷಕನ ಕನಸು

ಇಂದಿನ ಹಾಸ್ಟೆಲ್ ಮಾದರಿಯ ಮೂಲ ಜರ್ಮನಿಯಲ್ಲಿದೆ. ರಿಚರ್ಡ್ ಶಿರ್ಮನ್ ಎಂಬ ಶಾಲಾ ಶಿಕ್ಷಕರು 1909ರ ಆಗಸ್ಟ್‌ನಲ್ಲಿ ವಿದ್ಯಾರ್ಥಿಗಳೊಂದಿಗೆ ಕಾಲ್ನಡಿಗೆಯ ಪ್ರವಾಸ ಹೊರಟಿದ್ದಾಗ ಗುಡುಗು-ಮಳೆಗೆ ಸಿಕ್ಕಿ ಹಳ್ಳಿಯ ಶಾಲೆಯೊಂದರಲ್ಲಿ ಆಶ್ರಯ ಪಡೆಯಬೇಕಾಯಿತು. ರಜೆಯಲ್ಲಿ ಖಾಲಿ ಬೀಳುವ ಶಾಲಾ ಕೊಠಡಿಗಳಲ್ಲಿ ನಡೆದಾಡುವ ಮಕ್ಕಳಿಗೆ ಏಕೆ ವಸತಿ ನೀಡಬಾರದು ಎಂಬ ಆಲೋಚನೆ ಆ ರಾತ್ರಿ ಅವರಲ್ಲಿ ಹುಟ್ಟಿತು. 1912ರಲ್ಲಿ ಆಲ್ಟೆನಾ ಪಟ್ಟಣದ ಹಳೆಯ ಕೋಟೆಯಲ್ಲಿ ಮೊದಲ ಶಾಶ್ವತ ಯುವನಿಲಯ ತಲೆಯೆತ್ತಿತು. ಗಂಡು-ಹೆಣ್ಣುಮಕ್ಕಳಿಗೆ ಪ್ರತ್ಯೇಕ ಮಲಗುವ ಕೋಣೆ, ಸಾಮೂಹಿಕ ಅಡುಗೆ, ತಂಗುವವರೇ ಮಾಡಬೇಕಾದ ಸಣ್ಣಪುಟ್ಟ ಕೆಲಸ, ಮೇಲ್ವಿಚಾರಣೆಗೆ ಒಬ್ಬ ವಾರ್ಡನ್ - ಇದು ಅದರ ಚೌಕಟ್ಟು. 1930ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂತಹುದೇ ಸಂಘ ಸ್ಥಾಪನೆಯಾಯಿತು. 1932ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಅಂತಾರಾಷ್ಟ್ರೀಯ ಯೂತ್ ಹಾಸ್ಟೆಲ್ ಒಕ್ಕೂಟ ರೂಪುಗೊಂಡಿತು.

ಛತ್ರಕ್ಕೂ ಈ ಮಾದರಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಛತ್ರದಲ್ಲಿ ತಂಗುವವನು ದಾನ ಪಡೆಯುವವನು. ಯೂತ್ ಹಾಸ್ಟೆಲ್‌ನಲ್ಲಿ ತಂಗುವವನು ಸದಸ್ಯ. ಆತ ಅಲ್ಪ ಶುಲ್ಕ ತೆರುತ್ತಾನೆ, ತನ್ನ ಹಾಸಿಗೆಯನ್ನು ತಾನೇ ಮಡಿಸುತ್ತಾನೆ, ಯಾರ ಋಣದಲ್ಲೂ ಇರುವುದಿಲ್ಲ.

ತಾರಾದೇವಿಯಿಂದ ಮೈಸೂರಿಗೆ

ಭಾರತದಲ್ಲಿ ಯೂತ್ ಹಾಸ್ಟೆಲ್ ಚಳವಳಿಯ ಬೀಜ ಬಿದ್ದದ್ದು 1945ರಲ್ಲಿ, ಶಿಮ್ಲಾ ಸಮೀಪದ ತಾರಾದೇವಿಯಲ್ಲಿ. ಪಂಜಾಬಿನ ಸ್ಕೌಟ್ಸ್ ಮತ್ತು ಗೈಡ್ಸ್ ವಲಯ ಇದಕ್ಕೆ ಮುಂದಾಯಿತು. ಎರಡನೆಯ ಮುಖ್ಯ ಹೆಜ್ಜೆ ನಮ್ಮ ಮೈಸೂರಿನದು. 1949ರಲ್ಲಿ ಇಲ್ಲಿ ಸ್ಥಳೀಯ ಘಟಕ ರಚನೆಯಾಗಿ ಚಳವಳಿಗೆ ದಕ್ಷಿಣದಲ್ಲಿ ನೆಲೆ ದೊರೆಯಿತು. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾದ ಕೇಂದ್ರ ಕಚೇರಿ ಇಂದು ನವದೆಹಲಿಯ ಚಾಣಕ್ಯಪುರಿಯ ನ್ಯಾಯ ಮಾರ್ಗದಲ್ಲಿದ್ದು, ಅಲ್ಲಿಯೇ ಸಂಘದ ಅಂತಾರಾಷ್ಟ್ರೀಯ ಯೂತ್ ಹಾಸ್ಟೆಲ್ ಕೂಡ ನಡೆಯುತ್ತಿದೆ.

ಯುರೋಪಿನಲ್ಲಿ ಈ ಚಳವಳಿ ಕಟ್ಟಡಗಳ ಸುತ್ತ ಬೆಳೆದರೆ ಭಾರತದಲ್ಲಿ ಚಾರಣದ ಸುತ್ತ ಬೆಳೆಯಿತು ಎಂಬುದು ಗಮನಾರ್ಹ. ಹಿಮಾಚಲ ಪ್ರದೇಶದ ಕಸೋಲ್‌ನಲ್ಲಿ ಬಿಡಾರ ಹೂಡಿ ನಡೆಸುವ ಸರ್ ಪಾಸ್ ಚಾರಣದಂತಹ ಶಿಬಿರಗಳಿಂದಲೇ ಸಂಘ ಮನೆಮಾತಾಯಿತು. ಕರ್ನಾಟಕದ ಅಸಂಖ್ಯ ಮಧ್ಯಮ ವರ್ಗದ ವಿದ್ಯಾರ್ಥಿಗಳು, ಬ್ಯಾಂಕ್ ನೌಕರರು, ಶಿಕ್ಷಕರು ಹಿಮಾಲಯವನ್ನು ಮೊದಲ ಬಾರಿಗೆ ಕಂಡದ್ದು ಈ ಸಂಘದ ಡೇರೆಗಳಿಂದ. ಗೈಡ್, ಊಟ, ಡೇರೆ ಎಲ್ಲವನ್ನೂ ಒಳಗೊಂಡ ಶುಲ್ಕ ಅವರ ಕೈಗೆಟುಕುವಂತಿತ್ತು.

ಸರ್ಕಾರದ ಯುವನಿಲಯಗಳು

ಸಂಘದ ಜೊತೆಜೊತೆಗೆ ಸರ್ಕಾರವೂ ಈ ಕ್ಷೇತ್ರಕ್ಕೆ ಇಳಿಯಿತು. ಕೇಂದ್ರ ಸರ್ಕಾರದ ಯೋಜನೆಯಡಿ ದೇಶದಾದ್ಯಂತ ಎಂಬತ್ತಕ್ಕೂ ಹೆಚ್ಚು ಯುವನಿಲಯಗಳು ನಿರ್ಮಾಣಗೊಂಡವು. ರಾಜ್ಯ ಸರ್ಕಾರ ಉಚಿತವಾಗಿ ಜಮೀನು ನೀಡಿ ನೀರು, ವಿದ್ಯುತ್, ರಸ್ತೆ ಒದಗಿಸುವುದು. ಕಟ್ಟಡದ ವೆಚ್ಚವನ್ನು ಕೇಂದ್ರ ಭರಿಸುವುದು - ಇದು ಯೋಜನೆಯ ಸ್ವರೂಪ. ಮೈಸೂರಿನ ಯೂತ್ ಹಾಸ್ಟೆಲ್ ಇವುಗಳಲ್ಲೊಂದು. ಶಾಲಾ ಪ್ರವಾಸದ ತಂಡಗಳಿಗೆ, ಕ್ರೀಡಾಕೂಟಕ್ಕೆ ಬರುವ ಆಟಗಾರರಿಗೆ, ಎನ್‌ಎಸ್‌ಎಸ್ ಶಿಬಿರಾರ್ಥಿಗಳಿಗೆ ಇಂತಹ ನಿಲಯಗಳು ದೊಡ್ಡ ಆಸರೆಯಾದವು.

ಆದರೆ ಕಟ್ಟುವಾಗಿನ ಉತ್ಸಾಹ ನಡೆಸುವಾಗ ಉಳಿಯುವುದು ಕಷ್ಟ. ದರ ಕಡಿಮೆ ಇರಬೇಕೆಂಬುದು ಯೋಜನೆಯ ಮೂಲ ಉದ್ದೇಶ. ಕಡಿಮೆ ದರದ ಆದಾಯದಲ್ಲಿ ಸೋರುವ ಮಾಡು, ಕೆಟ್ಟ ನಲ್ಲಿ, ಹರಿದ ಹಾಸಿಗೆಗಳ ದುರಸ್ತಿ ಆಗುವುದಿಲ್ಲ. ದುರಸ್ತಿಯಾಗದ ಕಟ್ಟಡಕ್ಕೆ ತಂಗುವವರು ಬರುವುದಿಲ್ಲ. ಬರುವವರು ಕಡಿಮೆಯಾದಂತೆ ಆದಾಯ ಇನ್ನಷ್ಟು ಕುಸಿಯುತ್ತದೆ. ಇದರೊಂದಿಗೆ, ಕಟ್ಟಡ ಒಂದು ಸರ್ಕಾರದ್ದು, ಜಮೀನು ಇನ್ನೊಂದರದ್ದು ಎಂಬ ಸ್ಥಿತಿಯಲ್ಲಿ ಹೊಣೆಗಾರಿಕೆ ಹಂಚಿಹೋಗುತ್ತದೆ. ನಿಲಯವೊಂದು ಅಚ್ಚುಕಟ್ಟಾಗಿದೆಯೇ ಎಂಬುದು ಬಹುಮಟ್ಟಿಗೆ ಅಲ್ಲಿನ ವಾರ್ಡನ್ ಯಾರು ಎಂಬುದನ್ನು ಅವಲಂಬಿಸುತ್ತದೆ.

ಹಿಪ್ಪಿಗಳ ಹಾದಿಯಲ್ಲಿ

ಇದೇ ಅವಧಿಯಲ್ಲಿ ಸರ್ಕಾರದ ಯಾವ ಯೋಜನೆಯೂ ಇಲ್ಲದೆ ಮತ್ತೊಂದು ಅಗ್ಗದ ವಸತಿ ಜಾಲ ಹುಟ್ಟಿಕೊಂಡಿತು. 1960 ಮತ್ತು 70ರ ದಶಕಗಳಲ್ಲಿ ಪಶ್ಚಿಮದ ಯುವಜನರು ಇಸ್ತಾಂಬುಲ್, ಟೆಹರಾನ್, ಕಾಬೂಲ್, ಲಾಹೋರ್ ಮಾರ್ಗವಾಗಿ ಬಸ್ಸು-ವ್ಯಾನುಗಳಲ್ಲಿ ಭಾರತಕ್ಕೆ ಬರತೊಡಗಿದರು. ದೆಹಲಿಯ ಪಹಾಡ್‌ಗಂಜ್, ಕೋಲ್ಕತ್ತದ ಸಡ್ಡರ್ ಸ್ಟ್ರೀಟ್, ಗೋವಾದ ಅಂಜುನಾ ಅವರ ನೆಲೆಗಳಾದವು. 1979ರಲ್ಲಿ ಇರಾನ್‌ನ ಕ್ರಾಂತಿ ಮತ್ತು ಆಫ್ಘಾನಿಸ್ತಾನದ ಮೇಲೆ ಸೋವಿಯತ್ ಆಕ್ರಮಣದಿಂದ ಆ ಭೂಮಾರ್ಗ ಮುಚ್ಚಿಹೋಯಿತು. ಆದರೆ ವಿಮಾನದಲ್ಲಿ ಬರುವವರು ನಿಲ್ಲಲಿಲ್ಲ. 1981ರಲ್ಲಿ ಲೋನ್ಲಿ ಪ್ಲಾನೆಟ್ ಸಂಸ್ಥೆಯ ಭಾರತದ ಕೈಪಿಡಿ ಹೊರಬಂದ ಮೇಲೆ, ಅದರಲ್ಲಿ ಹೆಸರು ಬಂದ ಗೆಸ್ಟ್‌ಹೌಸ್‌ಗಳಿಗೆ ಬೇರೆ ಜಾಹೀರಾತೇ ಬೇಡವಾಯಿತು.

ಈ ಗೆಸ್ಟ್‌ಹೌಸ್‌ಗಳು ಬಹುಪಾಲು ಸ್ಥಳೀಯ ಕುಟುಂಬಗಳದ್ದು. ಮನೆಯ ಮೇಲಂತಸ್ತಿನ ಎರಡು ಕೋಣೆ, ಟೆರೇಸಿನ ಮೇಲೊಂದು ಊಟದ ಅಂಗಡಿ - ಇಷ್ಟೇ ಬಂಡವಾಳ. ಗೋಕರ್ಣದ ಕಡಲತೀರದ ಗುಡಿಸಲುಗಳು, ಹಂಪಿಯ ಎದುರು ದಂಡೆಯ ವಿರುಪಾಪುರ ಗಡ್ಡೆಯ ವಸತಿಗಳು ಬೆಳೆದದ್ದೂ ಹೀಗೆಯೇ. ನಗರಗಳಲ್ಲಿ ವೈಎಂಸಿಎ ನಿಲಯಗಳು, ಮುಂಬೈನ ಕೊಲಾಬಾ ಮತ್ತು ಕೋಲ್ಕತ್ತದಲ್ಲಿ ಸಾಲ್ವೇಷನ್ ಆರ್ಮಿಯ ಅತಿಥಿಗೃಹಗಳು ಇದೇ ಪ್ರವಾಸಿಗರಿಗೆ ಆಶ್ರಯ ನೀಡಿದವು.

2013ರ ನಂತರದ ಸರಪಳಿಗಳು

ಹಾಸ್ಟೆಲ್ ಎಂಬ ಹೆಸರಿನಲ್ಲಿಯೇ ಸಂಘಟಿತ ಖಾಸಗಿ ಉದ್ಯಮ ತಲೆಯೆತ್ತಿದ್ದು 2013ರಲ್ಲಿ. ಆ ವರ್ಷ ಜೋಧಪುರದಲ್ಲಿ ಝೋಸ್ಟೆಲ್ ಆರಂಭವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಗೋಸ್ಟಾಪ್ಸ್, ದಿ ಹಾಸ್ಟೆಲರ್, ಮುಸ್ಟಾಶ್ ಮೊದಲಾದ ಸರಪಳಿಗಳು ಕಾಣಿಸಿಕೊಂಡವು. ರಾಜಸ್ಥಾನ, ಹಿಮಾಚಲ, ಉತ್ತರಾಖಂಡ, ಗೋವಾಗಳ ಬಳಿಕ ಕರ್ನಾಟಕದ ಕರಾವಳಿ ಮತ್ತು ಮಲೆನಾಡಿಗೂ ಅವು ಹಬ್ಬಿದವು.

ಈ ಬೆಳವಣಿಗೆಗೆ ಕಾರಣಗಳು ಹಲವು. ಮೊಬೈಲ್ ಅಂತರ್ಜಾಲ ಅಗ್ಗವಾಯಿತು. ಕಾಗದದ ಕೈಪಿಡಿಯ ಸ್ಥಾನವನ್ನು ಅಂತರ್ಜಾಲದ ಗ್ರಾಹಕ ವಿಮರ್ಶೆಗಳು ಆಕ್ರಮಿಸಿದವು. 2014ರ ನವೆಂಬರ್‌ನಲ್ಲಿ ಹಲವು ದೇಶಗಳ ಪ್ರಜೆಗಳಿಗೆ ಇ-ವೀಸಾ ಮಾದರಿಯ ಸೌಲಭ್ಯ ಆರಂಭವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಬೆಂಗಳೂರು, ಪುಣೆ, ಹೈದರಾಬಾದ್‌ನಂತಹ ನಗರಗಳಲ್ಲಿ ಉದ್ಯೋಗ ಹಿಡಿದ ಯುವಕ-ಯುವತಿಯರು ಮನೆಯವರಿಲ್ಲದೆ, ಒಬ್ಬಂಟಿಯಾಗಿ ಅಥವಾ ಸ್ನೇಹಿತರೊಡನೆ ಪ್ರವಾಸ ಹೋಗತೊಡಗಿದರು.

ಹಾಸಿಗೆಯ ಲೆಕ್ಕಾಚಾರ

ಈ ಉದ್ಯಮದ ಗುಟ್ಟು ಸರಳ ಗಣಿತದಲ್ಲಿದೆ. ಲಾಡ್ಜ್ ಮಾಲೀಕನೊಬ್ಬ ಕೋಣೆಯೊಂದನ್ನು ಇಬ್ಬರಿಗೆ ₹1500ಕ್ಕೆ ಕೊಡುತ್ತಾನೆಂದು ಭಾವಿಸೋಣ. ಅದೇ ಕೋಣೆಯಲ್ಲಿ ಮೇಲೊಂದು ಕೆಳಗೊಂದರಂತೆ ಆರು ಬಂಕ್ ಹಾಸಿಗೆ ಹಾಕಿ ತಲಾ ₹500 ಪಡೆದರೆ ಆದಾಯ ₹3000. ತಂಗುವವನ ವೆಚ್ಚವೂ ಇಳಿಯಿತು, ಮಾಲೀಕನ ಆದಾಯವೂ ಏರಿತು. ಆದರೆ ಮೂರೇ ಹಾಸಿಗೆ ತುಂಬಿದರೆ ಬರುವುದು ಮತ್ತೆ ₹1500. ಅದರಲ್ಲಿಯೇ ಹೆಚ್ಚು ಹಾಸುಹೊದಿಕೆ ಒಗೆಸಬೇಕು, ಹೆಚ್ಚು ಬಾರಿ ಶೌಚಾಲಯ ತೊಳೆಸಬೇಕು, ರಾತ್ರಿಯಿಡೀ ಸ್ವಾಗತ ಮೇಜಿನಲ್ಲಿ ಆಳು ಕೂರಿಸಬೇಕು. ಹೀಗಾಗಿ ವಾರಾಂತ್ಯದಲ್ಲಿ ತುಂಬಿ ತುಳುಕುವ ಹಾಸ್ಟೆಲ್ ಸೋಮವಾರದಿಂದ ಗುರುವಾರದವರೆಗೆ ಖಾಲಿಯಿದ್ದರೆ ನಷ್ಟ ಖಚಿತ.

ಆ ನಷ್ಟ ತುಂಬಿಕೊಳ್ಳಲು ಬಹುತೇಕ ಹಾಸ್ಟೆಲ್‌ಗಳು ಕೆಫೆ, ಬೈಕ್ ಬಾಡಿಗೆ, ಚಾರಣ, ಊರು ಸುತ್ತುವ ಕಾರ್ಯಕ್ರಮಗಳಿಂದ ಹಣ ಗಳಿಸುತ್ತವೆ. ಕೆಲವೆಡೆ ಊಟ-ವಸತಿಯ ಬದಲಿಗೆ ಕೆಲಸ ಮಾಡುವ 'ಸ್ವಯಂಸೇವಕ' ಪ್ರವಾಸಿಗರೂ ಇರುತ್ತಾರೆ. ಅಂತರ್ಜಾಲದ ಬುಕಿಂಗ್ ತಾಣಗಳಿಗೆ ದರದ ಒಂದು ಪಾಲನ್ನು ದಲ್ಲಾಳಿಯಾಗಿ ಕೊಡಬೇಕು. ಸರಪಳಿಗಳ ಅನೇಕ ಹಾಸ್ಟೆಲ್‌ಗಳು ಫ್ರಾಂಚೈಸಿ ಪದ್ಧತಿಯವು: ಕಟ್ಟಡ ಮತ್ತು ಬಂಡವಾಳ ಸ್ಥಳೀಯರದ್ದು, ಹೆಸರು ಮತ್ತು ಬುಕಿಂಗ್ ವ್ಯವಸ್ಥೆ ಕಂಪನಿಯದ್ದು. ಆದಕಾರಣ ಒಂದೇ ಹೆಸರಿನ ಎರಡು ಹಾಸ್ಟೆಲ್‌ಗಳ ನಡುವೆ ಅಜಗಜಾಂತರವಿದ್ದರೆ ಅಚ್ಚರಿಪಡಬೇಕಾಗಿಲ್ಲ.

ತೆರಿಗೆಯ ವಿಚಾರವನ್ನೂ ಪ್ರವಾಸಿಗರು ತಿಳಿದಿರುವುದು ಒಳಿತು. ದಿನಕ್ಕೆ ₹1000ದವರೆಗಿನ ವಸತಿಗೆ ಇದ್ದ ಜಿಎಸ್‌ಟಿ ವಿನಾಯಿತಿ 2022ರ ಜುಲೈ 18ರಿಂದ ರದ್ದಾಗಿ ಶೇ. 12ರ ತೆರಿಗೆ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ₹7500ದವರೆಗಿನ ವಸತಿಗೆ ಈ ದರವನ್ನು ಶೇ. 5ಕ್ಕೆ ಇಳಿಸಲಾಗಿದೆ.

ಕೊರೊನಾ ನಂತರದ ತಿರುವು

2019ರಲ್ಲಿ ಭಾರತಕ್ಕೆ 1.09 ಕೋಟಿ ವಿದೇಶಿ ಪ್ರವಾಸಿಗರು ಬಂದಿದ್ದರು. 2020ರಲ್ಲಿ ಈ ಸಂಖ್ಯೆ 27 ಲಕ್ಷದ ಆಸುಪಾಸಿಗೆ ಕುಸಿಯಿತು. ಅಪರಿಚಿತರು ಒಂದೇ ಕೋಣೆಯಲ್ಲಿ ಮಲಗುವುದೇ ಹಾಸ್ಟೆಲ್‌ನ ಮೂಲ ಲಕ್ಷಣವಾಗಿದ್ದರಿಂದ ಸಾಂಕ್ರಾಮಿಕದ ಹೊಡೆತ ಅವುಗಳಿಗೆ ಲಾಡ್ಜ್‌ಗಳಿಗಿಂತ ಜೋರಾಗಿ ಬಿತ್ತು. ವಿದೇಶೀಯರನ್ನೇ ನೆಚ್ಚಿಕೊಂಡಿದ್ದ ಅನೇಕ ಸಣ್ಣ ಹಾಸ್ಟೆಲ್‌ಗಳು ಬಾಗಿಲು ಮುಚ್ಚಿದವು.

ಉಳಿದವುಗಳನ್ನು ಕಾಪಾಡಿದ್ದು ದೇಶೀಯ ಪ್ರವಾಸಿಗರು. ಮನೆಯಿಂದಲೇ ಕಚೇರಿ ಕೆಲಸ ಮಾಡುವ ಅವಕಾಶ ಸಿಕ್ಕ ತಂತ್ರಾಂಶ ನೌಕರರು ಲ್ಯಾಪ್‌ಟಾಪ್ ಹಿಡಿದು ಮನಾಲಿ, ಗೋಕರ್ಣ, ಚಿಕ್ಕಮಗಳೂರುಗಳಲ್ಲಿ ವಾರಗಟ್ಟಲೆ ಬೀಡುಬಿಟ್ಟರು. ಹಾಸ್ಟೆಲ್‌ಗಳು ಮೇಜು-ಕುರ್ಚಿ, ವೇಗದ ವೈ-ಫೈ, ಪ್ರತ್ಯೇಕ ಕೋಣೆಗಳನ್ನು ಸೇರಿಸಿದವು. ವಿದೇಶೀಯರಿಗೆಂದು ಆರಂಭವಾದ ವ್ಯವಸ್ಥೆ ಹೀಗೆ ಭಾರತೀಯರದ್ದಾಯಿತು. ರೈಲ್ವೆಯೂ ಹಿಂದೆ ಬೀಳಲಿಲ್ಲ. ನಿಲ್ದಾಣಗಳ ಹಳೆಯ ವಿಶ್ರಾಂತಿ ಕೊಠಡಿ ಮತ್ತು ಡಾರ್ಮಿಟರಿಗಳ ಜೊತೆಗೆ 2021ರ ನವೆಂಬರ್‌ನಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಗೂಡಿನಂತಹ 'ಪಾಡ್' ಹೋಟೆಲ್ ಆರಂಭಿಸಿತು.

ಹಂಪಿಯ ಪಾಠ

ಅಗ್ಗದ ವಸತಿ ನಿಯಮದ ಹೊರಗೆ ಬೆಳೆದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. ವಿರುಪಾಪುರ ಗಡ್ಡೆಯ ವಸತಿಗೃಹ ಮತ್ತು ಉಪಾಹಾರಗೃಹಗಳು ವಿಶ್ವ ಪರಂಪರೆಯ ತಾಣವಾದ ಹಂಪಿಯ ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ತಲೆಯೆತ್ತಿವೆ ಎಂಬುದು ಪ್ರಾಧಿಕಾರದ ವಾದವಾಗಿತ್ತು. ದೀರ್ಘ ವ್ಯಾಜ್ಯದ ಬಳಿಕ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರಾಧಿಕಾರದ ಕ್ರಮವನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಕಟ್ಟಡಗಳು ನೆಲಸಮವಾದವು. ಪರಂಪರೆಯ ರಕ್ಷಣೆ ಅಗತ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷಾನುಗಟ್ಟಲೆ ಪ್ರವಾಸಿಗರನ್ನೇ ನಂಬಿ ಬದುಕಿದ ಕುಟುಂಬಗಳ ಆದಾಯ ಒಮ್ಮೆಗೇ ನಿಂತುಹೋಯಿತು.

2025ರ ಮಾರ್ಚ್‌ನಲ್ಲಿ ಹಂಪಿಗೆ ಹತ್ತಿರದ ಸಣಾಪುರದ ಕಾಲುವೆ ಬಳಿ ರಾತ್ರಿ ಪ್ರವಾಸಿಗರ ಮೇಲೆ ನಡೆದ ದಾಳಿಯಲ್ಲಿ ವಿದೇಶಿ ಮಹಿಳೆ ಹಾಗೂ ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಅತ್ಯಾಚಾರವೆಸಗಲಾಯಿತು. ಒಡಿಶಾದ ಪ್ರವಾಸಿಯೊಬ್ಬರು ಪ್ರಾಣ ಕಳೆದುಕೊಂಡರು. ವಸತಿಯ ಗೋಡೆಯೊಳಗಿನ ಸುರಕ್ಷತೆಯಷ್ಟೇ ಸಾಲದು, ಊರಿನ ದಾರಿದೀಪ ಮತ್ತು ಪೊಲೀಸ್ ಗಸ್ತು ಕೂಡ ಪ್ರವಾಸೋದ್ಯಮದ ಭಾಗವೆಂಬುದನ್ನು ಈ ಘಟನೆ ನೆನಪಿಸಿತು.

ವಿದೇಶೀಯರು ತಂಗಿದಲ್ಲಿ ಆ ಮಾಹಿತಿಯನ್ನು 24 ಗಂಟೆಯೊಳಗೆ ನೋಂದಣಿ ಅಧಿಕಾರಿಗೆ ಆನ್‌ಲೈನ್ ಮೂಲಕ ಸಲ್ಲಿಸುವುದು ವಸತಿ ನೀಡುವವರ ಕರ್ತವ್ಯ. 1946ರ ಕಾಯಿದೆಯ ಸ್ಥಾನದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶೀಯರ ಕಾಯಿದೆ ಜಾರಿಗೆ ಬಂದಿದ್ದು, ಈ ಹೊಣೆ ಹಾಗೆಯೇ ಮುಂದುವರಿದಿದೆ. ಸಣ್ಣ ಲಾಡ್ಜ್‌ಗಳು ವಿದೇಶೀಯರಿಗೆ 'ರೂಮಿಲ್ಲ' ಎನ್ನುವುದರ ಹಿಂದೆ ಬಹಳ ಸಲ ಈ ಕಾಗದಪತ್ರದ ಅಂಜಿಕೆಯೇ ಇರುತ್ತದೆ.

ಬಾಗಿಲು ಯಾರಿಗೆ ತೆರೆದಿದೆ?

ಜಾತಿ ಕೇಳದ ಬಂಕ್ ಹಾಸಿಗೆ ಒಂದು ದೊಡ್ಡ ಸಾಮಾಜಿಕ ಹೆಜ್ಜೆ. ಒಬ್ಬಂಟಿ ಹೆಣ್ಣುಮಗಳಿಗೆ ಕೋಣೆ ಕೊಡಲು ಹಿಂದೇಟು ಹಾಕುವ ಲಾಡ್ಜ್‌ಗಳಿರುವ ದೇಶದಲ್ಲಿ ಮಹಿಳೆಯರಿಗೇ ಮೀಸಲಾದ ಡಾರ್ಮಿಟರಿ ಅದಕ್ಕಿಂತಲೂ ದೊಡ್ಡ ಹೆಜ್ಜೆ. ಹಾಗೆಂದು ಎಲ್ಲ ಬಾಗಿಲುಗಳೂ ತೆರೆದಿವೆ ಎನ್ನಲಾಗದು. ಗೋವಾ, ಹಿಮಾಚಲದ ಕೆಲವು ವಸತಿಗಳು ಭಾರತೀಯರಿಗೇ ಪ್ರವೇಶ ನಿರಾಕರಿಸಿದ ದೂರುಗಳು ಹಲವು ಬಾರಿ ಸುದ್ದಿಯಾಗಿವೆ. ಅದೇ ಊರಿನ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಹಾಸಿಗೆ ಇಲ್ಲ ಎನ್ನುವ ಪದ್ಧತಿ ಅನೇಕ ಹಾಸ್ಟೆಲ್‌ಗಳಲ್ಲಿದೆ. ಇದು ಮಾಲೀಕರು ಮಾಡಿಕೊಂಡ ನಿಯಮವೇ ಹೊರತು ಕಾನೂನಿನ ಕಟ್ಟಳೆಯಲ್ಲ. ಮಕ್ಕಳೊಂದಿಗೆ ಬರುವ ಕುಟುಂಬಗಳಿಗೆ, ವಯಸ್ಸಾದವರಿಗೆ ಡಾರ್ಮಿಟರಿಯಲ್ಲಿ ಅವಕಾಶವಿಲ್ಲದ ಕಡೆಗಳೂ ಇವೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ಮೇಲಿನ ಬಂಕ್ ಯಾವ ಪ್ರಯೋಜನಕ್ಕೂ ಬಾರದು. ಇನ್ನು, ಅಂತರ್ಜಾಲದಲ್ಲಿ ಇಂಗ್ಲಿಷ್‌ನಲ್ಲೇ ಬುಕ್ ಮಾಡಬೇಕಾದ ವ್ಯವಸ್ಥೆ ಹಳ್ಳಿಯಿಂದ ಪರೀಕ್ಷೆ ಬರೆಯಲು ನಗರಕ್ಕೆ ಬರುವ ಹುಡುಗನನ್ನು ತಲುಪುವುದೇ ಇಲ್ಲ. ಆತನಿಗೆ ಇಂದಿಗೂ ಛತ್ರ, ಮಠ, ಇಲ್ಲವೇ ಬಸ್ ನಿಲ್ದಾಣದ ಬೆಂಚೇ ಗತಿ.

ತಂಗುವ ಮುನ್ನ ಗಮನಿಸಿ

* ಸರ್ಕಾರ ಮಾನ್ಯ ಮಾಡಿದ ಭಾವಚಿತ್ರವಿರುವ ಮೂಲ ಗುರುತಿನ ಚೀಟಿ ಜೊತೆಗಿರಲಿ. ಸ್ಥಳೀಯ ವಿಳಾಸದ ಚೀಟಿಯಿದ್ದರೆ ಮುಂಚಿತವಾಗಿಯೇ ವಿಚಾರಿಸಿ.

* ಡಾರ್ಮಿಟರಿ ಮಹಿಳೆಯರಿಗೆ ಪ್ರತ್ಯೇಕವೇ, ಮಿಶ್ರವೇ ಎಂಬುದನ್ನು ಖಚಿತಪಡಿಸಿಕೊಳ್ಳಿ.

* ಲಾಕರ್ ಇದ್ದರೂ ಬೀಗ ನಿಮ್ಮದೇ ಆಗಿರಬೇಕಾಗಬಹುದು. ಟವೆಲ್, ಸಾಬೂನು, ಕಿವಿಗೆ ಹತ್ತಿ ಒಯ್ಯುವುದು ಕ್ಷೇಮ.

* ತುರ್ತು ನಿರ್ಗಮನ ದ್ವಾರ ಮತ್ತು ಬೆಂಕಿ ನಂದಿಸುವ ಸಾಧನ ಎಲ್ಲಿವೆ ಎಂಬುದನ್ನು ಮೊದಲ ದಿನವೇ ನೋಡಿಕೊಳ್ಳಿ. ಒಂದೇ ಮೆಟ್ಟಿಲಿನ ಹಳೆಯ ಕಟ್ಟಡಗಳಲ್ಲಿ ಇದು ಅತ್ಯವಶ್ಯ.

* ವಿಮರ್ಶೆಗಳನ್ನು ಓದುವಾಗ ಇತ್ತೀಚಿನವನ್ನೇ ಓದಿ. ವ್ಯವಸ್ಥಾಪಕ ಬದಲಾದರೆ ಹಾಸ್ಟೆಲ್ ಬದಲಾದಂತೆ.

* ಯೂತ್ ಹಾಸ್ಟೆಲ್ ಸಂಘದ ಹಾಗೂ ಸರ್ಕಾರದ ನಿಲಯಗಳಲ್ಲಿ ಸದಸ್ಯರಿಗೆ, ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯೇ ಎಂದು ಕೇಳಿ. ಶಾಲಾ ತಂಡಗಳು ಮೊದಲೇ ಪತ್ರ ಬರೆದು ಕಾಯ್ದಿರಿಸಬೇಕು.

* ರಾತ್ರಿ ಹತ್ತರ ನಂತರ ದೀಪ ಮತ್ತು ದನಿ ಎರಡನ್ನೂ ತಗ್ಗಿಸಿ. ಪಕ್ಕದ ಹಾಸಿಗೆಯಾತ ಬೆಳಗಿನ ಜಾವದ ರೈಲು ಹಿಡಿಯಬೇಕಾಗಿರಬಹುದು.

ಖಾಸಗಿ ಸರಪಳಿಗಳು ಲಾಭವಿರುವ ಊರುಗಳಿಗಷ್ಟೇ ಹೋಗುತ್ತವೆ. ಅದು ಉದ್ಯಮದ ಸಹಜ ಧರ್ಮ. ಕಡಲತೀರವೂ ಕಾಫಿ ತೋಟವೂ ಇಲ್ಲದ ಬೀದರ್, ವಿಜಯಪುರ, ಚಿತ್ರದುರ್ಗಗಳಂತಹ ಇತಿಹಾಸದ ಊರುಗಳಿಗೆ ಶಾಲಾ ಮಕ್ಕಳು ಹೋಗಿಬರಬೇಕಾದರೆ ಸಾರ್ವಜನಿಕ ವಸತಿಯ ಅಗತ್ಯ ಇದ್ದೇ ಇದೆ. ಹೊಸ ಕಟ್ಟಡಗಳಿಗೆ ಅಡಿಗಲ್ಲು ಹಾಕುವುದಕ್ಕಿಂತ ಇರುವ ಯುವನಿಲಯಗಳ ಮಾಡು, ನಲ್ಲಿ, ಹಾಸಿಗೆಗಳನ್ನು ಸರಿಪಡಿಸಿ, ಅವುಗಳ ಮಾಹಿತಿಯನ್ನು ಕನ್ನಡದಲ್ಲಿ ಪ್ರಕಟಿಸುವುದು ಸುಲಭದ ಕೆಲಸ. ಮೈಸೂರಿನಲ್ಲಿ 1949ರಲ್ಲಿ ಬೇರುಬಿಟ್ಟ ಚಳವಳಿಯೊಂದಕ್ಕೆ ರಾಜ್ಯ ಅಷ್ಟನ್ನಾದರೂ ಮಾಡಬಹುದು.